ಸಾಕ್ಷಿಗಳ ಸಂಖ್ಯೆ

ತುಲೂಸಿನಲ್ಲಿ ನನ್ನ ಕಚೇರಿ. ಕಿಟಕಿಗೆ ಆಕಾಶವಿಲ್ಲ,
ಎದುರಿಗೊಂದು ಗೋಡೆ, ಗೋಡೆಗೊಂದು ಏಸಿ ಡಬ್ಬ.
ಮಂದಿ ಮೇಲೆ ನೋಡಿ ಬೆಚ್ಚಿದ್ದೆಲ್ಲ
ಇಲ್ಲಿಗೆ ಕಾಗದವಾಗಿ ಬರುತ್ತದೆ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು:
ಇಷ್ಟೇ ನನ್ನ ಸಂಬಳದ ಕೆಲಸ.
ಎಷ್ಟು ಹೊತ್ತಿಗೆ, ಯಾವ ದಿಕ್ಕಿಗೆ, ಗಾಳಿ ಎತ್ತಣಿಂದ,
ಸದ್ದಿತ್ತೇ, ನಾಯಿ ಬೊಗಳಿತೇ,
ತೋಳು ಚಾಚಿ ಅಳೆದರೆ ಎಷ್ಟು ದೊಡ್ಡದು,
ಬಟಾಣಿಯೇ, ನಾಣ್ಯವೇ, ಕಿತ್ತಳೆಯೇ?

ಬಹುಪಾಲು ಬೆಳ್ಳಿಚುಕ್ಕಿ.
ಮದುವೆಮನೆಯವರು ಹಾರಿಬಿಟ್ಟ ಕಾಗದದ ದೀಪ,
ದಾರ ಕಡಿದ ಬಲೂನು, ಸಾಲುಗಟ್ಟಿದ ಉಪಗ್ರಹ.
ಒಮ್ಮೆ ಒಂದು ಗೂಬೆ, ಹೊಟ್ಟೆಗೆ ಬೀದಿದೀಪ ಬಡಿದದ್ದು.
ಬಾತುಕೋಳಿ ಸಾಕುವ ಮದಾಮ್ ಲಾಬಾದಿಗೆ
ಅದು ಗೂಬೆ ಎಂದು ಹೇಳಿದ ದಿನ
ಆಕೆ ನನ್ನ ಮುಂದಿನ ಕಾಫಿ ಬಟ್ಟಲು ಎತ್ತಿಕೊಂಡರು.
ನಾನಿನ್ನೂ ಕುಡಿದು ಮುಗಿಸಿರಲಿಲ್ಲ.

ಕೆಲವು ಉಳಿಯುತ್ತವೆ. ಅವಕ್ಕೆ ಬೇರೆ ಕಪಾಟು.
ಅಲ್ಲಿ ಧೂಳು ಹೊಡೆಯಲೂ ಬೇರೆಯವರನ್ನು ಬಿಡುವುದಿಲ್ಲ ನಾನು.
ಗೊತ್ತಿಲ್ಲ ಅನ್ನುವುದಕ್ಕೂ
ಹಾಳೆಗಳು ಕ್ರಮದಲ್ಲಿರಬೇಕು.

ನನಗೂ ಒಂದಿದೆ. ಯಾರಿಗೂ ಬರೆದುಕೊಟ್ಟಿರಲಿಲ್ಲ.
ಆರು ವರ್ಷ ನನಗೆ, ಅಪ್ಪನ ಹಾಲಿನ ಟ್ಯಾಂಕರು,
ಲಾನ್‌ಮೆಝಾನಿನ ಏರು, ಚಳಿಗಾಲದ ಸಂಜೆ ಏಳು.
ಮೂರು ದೀಪ, ನಡುವೆ ಒಂದು ಕಪ್ಪು ಮೈ,
ಮನೆಯಷ್ಟಗಲ, ಸದ್ದಿಲ್ಲದೆ
ಪಿರನೀಸಿನ ನೆತ್ತಿ ಸವರಿ ಜಾರಿಹೋಯಿತು.
ಅಪ್ಪ ಗಾಡಿ ನಿಲ್ಲಿಸಿದ. ಟೋಪಿ ತೆಗೆದ,
ಇಗರ್ಜಿಯಲ್ಲೂ ತೆಗೆಯದವನು.
ನಿಂತ ಗಾಡಿಯೊಳಗೆ ಹಾಲು
ತನ್ನಷ್ಟಕ್ಕೆ ಇನ್ನೂ ತುಳುಕುತ್ತಿತ್ತು.
ಈ ಕೆಲಸಕ್ಕೆ ಬಂದದ್ದೇ ಆ ತುಳುಕಿನ ದೆಸೆಯಿಂದ.

ಈ ವರ್ಷ ಹಳೆಯ ಕಡತಗಳನ್ನು ಕಂಪ್ಯೂಟರಿಗೇರಿಸುವ ಸರದಿ.
ಆ ಸಂಜೆಯದೇ ಒಂದು ಪೆಟ್ಟಿಗೆ. ಎಂದೋ ಮುಗಿದ ಪ್ರಕರಣ:
ಕಕ್ಷೆಯಿಂದ ಕಳಚಿ ಉರಿದುಹೋದ ರಾಕೆಟ್ಟಿನ ತುಂಡು.
ಅರವತ್ತು ಜನ, ಬೇರೆ ಬೇರೆ ಊರು, ಚಿತ್ರ ಬರೆದಿದ್ದರು.
ಮೂರು ಚುಕ್ಕಿ, ನಡುವೆ ಒತ್ತಿ ತೀಡಿದ ಪೆನ್ಸಿಲ್ ಕಪ್ಪು.
ಅಲ್ಲಿ ಮೈ ಇರಲಿಲ್ಲ, ಬರೀ ರಾತ್ರಿ ಇತ್ತು.
ಚುಕ್ಕಿಗೆ ಚುಕ್ಕಿ ಕೂಡಿಸಿದ್ದು ಕಣ್ಣು.
ಹೊಸಬರಿಗೆ ನಾನೇ ಇದನ್ನು ಎಷ್ಟೋ ಸಲ ಪಾಠ ಮಾಡಿದ್ದೇನೆ.

ನಲವತ್ತೊಂದನೆಯ ಹಾಳೆ:
ಮಾರ್ಸ್ಯಾಲ್ ಕಾಸ್ತೆರಾ, ಹಾಲಿನ ಗಾಡಿ ಚಾಲಕ.
ಠಾಣೆಗೆ ಹೋದದ್ದನ್ನು ಅಪ್ಪ ನಮಗಾರಿಗೂ ಹೇಳಿರಲಿಲ್ಲ.
ಅವನ ಚಿತ್ರದಲ್ಲಿ ಮಾತ್ರ ಕಪ್ಪಿಲ್ಲ.
ಮೂರು ದೀಪ, ಒಂದಕ್ಕೊಂದು ಅಂಟದೆ,
ನಡುವೆ ಖಾಲಿ ಕಾಗದ.
ಗಾತ್ರ, ತೋಳು ಚಾಚಿದರೆ: ಮಗಳ ಅಂಗೈಯಷ್ಟು.
ಸಾಕ್ಷಿಗಳ ಸಂಖ್ಯೆ: ಒಂದು.
ಕೆಳಗೆ, ಪೊಲೀಸಿನವನು ಏನೋ ಕೇಳಿರಬೇಕು,
ಮಗು ಪಕ್ಕದ ಸೀಟಿನಲ್ಲಿ ನಿದ್ದೆಹೋಗಿತ್ತು,
ಎಬ್ಬಿಸಲು ಮನಸ್ಸಾಗಲಿಲ್ಲ.

ಹಾಗಾದರೆ ಟೋಪಿ? ಹಾಲು?
ಊಟದ ಹೊತ್ತಿನಲ್ಲಿ ಅವನು ಹೇಳಿದ್ದನ್ನೇ
ನಾನು ಕಂಡೆನೇ? ಅಥವಾ ಎಚ್ಚರವಿದ್ದು
ನಿದ್ದೆಯ ನಟನೆ ಮಾಡಿದ್ದೆನೇ, ಮಕ್ಕಳು ಮಾಡುವಂತೆ,
ಗಾಡಿಯಿಂದ ಎತ್ತಿಕೊಂಡೇ ಇಳಿಸಲಿ ಎಂದು?
ಮರುವಿಚಾರಣೆಗೆ ಕರೆಯೋಣವೆಂದರೆ
ಸಾಕ್ಷಿ ತೀರಿಕೊಂಡು ಒಂಬತ್ತು ವರ್ಷ.

ಶನಿವಾರ ಆ ಏರಿಗೆ ಹೋದೆ, ದಿಕ್ಸೂಚಿ ಹಿಡಿದು,
ಡೈರಿಯವರ ಹಳೆಯ ಟ್ಯಾಂಕರೊಂದನ್ನು ಬೇಡಿ ತಂದು.
ಆರು ವರ್ಷದವಳ ಎತ್ತರಕ್ಕೆ ಕುಗ್ಗಿ ಕೂತೆ.
ಅಲ್ಲಿಂದ ಕಾಣುವುದು ಡ್ಯಾಶ್‌ಬೋರ್ಡು,
ಅದರಾಚೆ ಎರಡು ಬೆರಳಗಲ ಆಕಾಶ.
ಸಾಕು ಅನ್ನಲೂ ಆಗದು, ಸಾಲದು ಅನ್ನಲೂ.
ಫಾರಮ್ಮು ತುಂಬಿದೆ. ಮಾಹಿತಿ ಅಪೂರ್ಣ ಎಂದು ಬರೆದೆ,
ಸಹಿ ಹಾಕಲಿಲ್ಲ.

ಇಳಿಯುವ ಮುಂಚೆ ತೋಳು ಚಾಚಿ
ಗಾಜಿಗೆದುರಾಗಿ ಅಂಗೈ ಹಿಡಿದು ನೋಡಿದೆ.
ಅಳತೆಗೆ ಬಾರದು ಇದೀಗ. ಬೆಳೆದುಬಿಟ್ಟಿದೆ.