ಮುಳ್ಳು ನಿಂತಲ್ಲಿ

ರಿಶೆಲ್ ಫಾರ್ಮು ತಂದಿದ್ದಾಳೆ, ನಾಲ್ಕು ಪುಟ.
ಸೈಕಾಲಜಿಯ ಪ್ರಾಜೆಕ್ಟಿಗೆ ಇನ್ನೂರು ಜನ ಬೇಕಂತೆ,
ನೂರ ತೊಂಬತ್ತೊಂದು ಆಗಿದೆಯಂತೆ.
‘ನೀನು ತುಂಬು ಮಾರಾಯ್ತಿ,
ನಿಂಗೆ ದಮ್ಮು ಉಂಟಲ್ಲ, ನೀನು ಚಿನ್ನ ನನಗೆ.’

ಕೊಣಾಜೆ ಗುಡ್ಡದ ಹಾಸ್ಟೆಲು, ಮೂರನೇ ಮಹಡಿ.
ಮುಡಿಪಿನ ಕಡೆಯ ಕಲ್ಲಿನ ಲಾರಿ ಹೋದಾಗೆಲ್ಲ
ಕಿಟಕಿಯ ಸರಳಿಗೆ ಕುಂಕುಮ.

ಕಳೆದ ತಿಂಗಳಲ್ಲಿ ಎಷ್ಟು ಸಲ ಉಸಿರು ಕಟ್ಟಿತು?
ಅದರ ಹಿಂದಿನ ದಿನ ಏನು ನಡೆದಿತ್ತು?

ಮೊದಲಿನದು ಸುಲಭ. ನನ್ನ ನೀಲಿ ಪಂಪಿನ ಬೆನ್ನಲ್ಲಿ
ಒಂದು ಕಿಂಡಿ, ಕಿಂಡಿಯಲ್ಲಿ ಅಂಕೆ.
ನೂರ ನಲವತ್ತು ಇದ್ದದ್ದು ತೊಂಬತ್ತೆರಡಾಗಿದೆ.
ಎರಡನೆಯದಕ್ಕೆ ಬಿಟ್ಟದ್ದು ಒಂದೇ ಗೆರೆ.
ಒಂದು ಗೆರೆಯಲ್ಲಿ ಎಂತ ಬರೆಯುವುದು?
ಇಂಟರ್ನಲ್ಸ್ ಇತ್ತು ಅಂತಲಾ? ಫೀಸಿನ ಎರಡನೇ ಕಂತು ಅಂತಲಾ?
ಗೈಡು ನನ್ನ ಟೇಬಲ್ಲು ನೋಡಿ ಏನೂ ಹೇಳದೆ
ಕನ್ನಡಕ ಒರೆಸಿಕೊಂಡರು ಅಂತಲಾ?

ಅದು ಬರುವುದು ರಾತ್ರಿ ಎರಡಕ್ಕೆ.
ಮೊದಲು ಗಂಟಲಲ್ಲಿ ಬೆಕ್ಕಿನ ಮರಿ.
ಆಮೇಲೆ ಎದೆಯೊಳಗೆ ಯಾರೋ
ಹಳೇ ಕೊಡೆ ಬಿಚ್ಚಲು ನೋಡುತ್ತಾರೆ, ಕಡ್ಡಿ ಸಿಕ್ಕಿಕೊಂಡಿದೆ.
ಗಾಳಿ ಸಾಲದ್ದು ಅಂತ ನೋಡುವವರಿಗೆ ಕಾಣುತ್ತದೆ.
ಅಲ್ಲ. ತಕ್ಕೊಂಡದ್ದನ್ನು
ಬಿಡಲಿಕ್ಕೆ ಆಗುವುದಿಲ್ಲ.

ಚಿಕ್ಕವಳಿದ್ದಾಗ ಉಳ್ಳಾಲದ ಅತ್ತೆಮನೆಗೆ ಹೋಗುವಾಗ
ನೇತ್ರಾವತಿ ಸಂಕ ಸುರುವಾದಲ್ಲಿಂದ ಮುಗಿಯುವವರೆಗೆ
ಉಸಿರು ಹಿಡಿಯುವ ಆಟ. ಅಣ್ಣ ಗೆಲ್ಲುತ್ತಿದ್ದ,
ನಾನು ನಡುನೀರಲ್ಲೇ ಬಾಯಿ ತೆರೆಯುತ್ತಿದ್ದೆ.
ಮೊನ್ನೆ ಅದೇ ಸಂಕದ ಮೇಲೆ ಬಸ್ಸು ನಿಂತಿತು.
ವೈವಾ ಹತ್ತಕ್ಕೆ. ಗಂಟೆ ಒಂಬತ್ತೂವರೆ.
ಕಂಡಕ್ಟರು ಫುಟ್‌ಬೋರ್ಡಿನಲ್ಲಿ ನೇತು ಸೀಟಿ ಊದುತ್ತಿದ್ದ,
ಊದುತ್ತಲೇ ಇದ್ದ.
ಎಷ್ಟೊಂದು ಗಾಳಿ ಉಂಟು ಈ ಮನುಷ್ಯನಲ್ಲಿ!

ದೇರಳಕಟ್ಟೆಯ ಡಾಕ್ಟರು ಒಂದು ಕೊಳವೆ ಕೊಟ್ಟಿದ್ದಾರೆ,
ದಿನಕ್ಕೆರಡು ಸಲ ಜೋರಾಗಿ ಊದಲಿಕ್ಕೆ.
ಕೆಂಪು ಮುಳ್ಳು ಏರಿ ನಿಂತಲ್ಲಿಯ ಅಂಕೆ ಬರೆದಿಡಬೇಕು.
ನಾನು ಸ್ಟಾಟಿಸ್ಟಿಕ್ಸಿನವಳು, ಗ್ರಾಫು ಮಾಡಿಯೇ ಬಿಟ್ಟೆ.
ಪರೀಕ್ಷೆಯ ವಾರ ಗುಂಡಿ, ರಜೆಗೆ ದಿಣ್ಣೆ.
‘ನೋಡಿ ಡಾಕ್ಟ್ರೇ, ಹೆದರಿಕೆಯೇ ಇದು.’
ಅವರು ಕಾಗದ ಬೆಳಕಿಗೆ ಹಿಡಿದರು.
‘ಹೆದರಿಕೆಯೂ. ಧೂಳೂ. ನೀನು ಮದ್ದು ಮರೆತದ್ದೂ.
ಒಂದಕ್ಕೇ ಪೂರಾ ಮಾರ್ಕು ಕೊಡಬೇಡ.’

ಮನೆಯಲ್ಲಿ ಬೇರೆ ಯಾರಿಗಾದರೂ ಉಂಟೇ?
ಇಲ್ಲ, ಅಂತ ಗುರುತು ಹಾಕಿದೆ.
ಅಮ್ಮನಿಗೆ ಇರುವುದು ಕೆಮ್ಮು.

ಶನಿವಾರ ಕುಪ್ಪೆಪದವಿಗೆ ಹೋದೆ. ಜಗಲಿಯಲ್ಲಿ ಅಮ್ಮ,
ಮಡಿಲಲ್ಲಿ ತಡ್ಪೆ, ತಡ್ಪೆಯಲ್ಲಿ ಎಲೆ, ಹೊಗೆಸೊಪ್ಪು, ನೂಲು.
ಇಪ್ಪತ್ತೈದು ಬೀಡಿಗೆ ಒಂದು ಕಟ್ಟು.
ಇಪ್ಪತ್ತಮೂರರಲ್ಲಿ ಕೆಮ್ಮು ಬಂತು,
ಬಗ್ಗಿ, ತಡ್ಪೆ ಚೆಲ್ಲದ ಹಾಗೆ ಹಿಡಿದು,
ಕೆಮ್ಮಿ ಮುಗಿಸಿ, ಕಣ್ಣೊರೆಸಿ
ಇಪ್ಪತ್ತನಾಲ್ಕು ಅಂದಳು.
ಬ್ರಾಂಚಿನವನು ತಪ್ಪು ಹಿಡಿಯಬಹುದು, ಅಮ್ಮನ ಲೆಕ್ಕ ತಪ್ಪುವುದಿಲ್ಲ.
ನನ್ನ ಎಮ್ಮೆಸ್ಸಿ ಆ ಲೆಕ್ಕದಲ್ಲಿ ಸೇರಿದೆ.

ಕೊಳವೆ ಚೀಲದಲ್ಲಿತ್ತು. ‘ಒಮ್ಮೆ ಊದಮ್ಮ’ ಅಂದೆ.
‘ಎಂತದು ಅದು, ಪೀಪಿಯಾ?’
ಬೆರಳಿನ ಪುಡಿ ಸೆರಗಿಗೆ ಒರೆಸಿದಳು,
ಒಲೆ ಊದುವ ಹಾಗೆ ಕೆನ್ನೆ ಉಬ್ಬಿಸಿ ಊದಿದಳು.
ಮುಳ್ಳು ನೂರ ಎಪ್ಪತ್ತಕ್ಕೆ ಏರಿ ನಿಂತಿತು.
ನನಗೆ ಎಂಥ ಕೆಟ್ಟ ರಾತ್ರಿಯಲ್ಲೂ ಇನ್ನೂರ ಐವತ್ತು.

ಏದುಸಿರಿನಲ್ಲೇ ನಕ್ಕಳು ಅಮ್ಮ,
ಫಲಿತಾಂಶದ ದಿನ ನನ್ನ ಮುಖ ನೋಡುವಂತೆ ನೋಡಿದಳು.
‘ಎಷ್ಟು ಬಂತು? ಪಾಸಾ?’

ರಿಶೆಲ್, ಆ ಫಾರ್ಮು ಒಮ್ಮೆ ವಾಪಸ್ ಕೊಡು.
ಮೂರನೇ ಪುಟದಲ್ಲಿ ಒಂದು ಗುರುತು ತಪ್ಪಿದೆ.