ಐದರಲ್ಲೊಂದು

ಪ್ರಯೋಂಗ್ ಬಂದದ್ದು ಬೆಳಗ್ಗೆ ಒಂಬತ್ತಕ್ಕೆ,
ರಾತ್ರಿ ಎರಡರಿಂದ ರಬ್ಬರ್ ಮರ ಕೆತ್ತಿ.
ಹಣೆಯ ದೀಪ ಇನ್ನೂ ಕೊರಳಲ್ಲಿ,
ಉಗುರುಸಂದಿಯಲ್ಲಿ ಒಣಗಿದ ಹಾಲು.
ನಾತವೀ ಆಸ್ಪತ್ರೆಯ ವರಾಂಡದಲ್ಲಿ
ಪ್ಲಾಸ್ಟಿಕ್ ಕುರ್ಚಿಗಳಿಗೆಲ್ಲ ಅವತ್ತು ಹುಳಿ ವಾಸನೆ.

ಒಪ್ಪಿಗೆ ಪತ್ರದ ನಾಲ್ಕೂ ಪುಟ ಓದಿಸಿಕೊಂಡು
ಆಮೇಲೆ ಕೇಳಿದಳು:
"ಬ್ಯಾಂಕಾಕಿನವರಿಗೆ ಪೂರ್ತಿ, ನಮಗೆ ಐದರಲ್ಲೊಂದು.
ನಮ್ಮ ಮೈ ಚಿಕ್ಕದೋ, ನಮ್ಮ ಪಾಲು ಚಿಕ್ಕದೋ?"

ಕಲಿತದ್ದನ್ನು ಒಪ್ಪಿಸಿದೆ:
ಸ್ನಾಯುವಿನಲ್ಲಿ ಕಾವಲು ಕಡಿಮೆ, ಅಕ್ಕ;
ತೊಗಲಿನಲ್ಲಿ ಹೆಜ್ಜೆಗೊಬ್ಬ ಪಹರೆಯವ.
ಹೊರಗಿನವನ ಒಂದು ಚೂರು ಸಿಕ್ಕರೆ
ಹೊತ್ತು ಓಡುತ್ತಾನೆ ಕಂಕುಳ ಗ್ರಂಥಿಯವರೆಗೆ.
ಅಲ್ಲಿ ಮಲಗಿದ್ದವರು ಎದ್ದು ಕೂರುತ್ತಾರೆ,
ಈ ಮುಖ ನೋಡಿದ್ದೇವಲ್ಲ, ಹಿಂದೆ, ಎರಡು ಸಲ.
ಗುರುತಿರುವವರಿಗೆ ಕೂಗಿ ಹೇಳಬೇಕಿಲ್ಲ.

ಅವಳು ತಲೆಯಾಡಿಸಲಿಲ್ಲ.
"ಮದ್ದು ಸಾಲದು ಅನ್ನು. ಅದೂ ನಿಜ ತಾನೆ?"
ಅದೂ ನಿಜ, ಅಂದೆ.

ಅವಳಿಗಿಂತ ಮುಂಚೆ ಸೋಂಪೋಪ್, ಮೀನುಲಾರಿಯವನು.
ಸೂಜಿ ಆಳಕ್ಕಿಳಿಯಿತು. ಗುಳ್ಳೆ ಏಳಲಿಲ್ಲ.
ಚೀಟಿಯಲ್ಲಿ ಹಾಗೆಂದೇ ಬರೆದೆ,
ಪೆನ್ನು ಹಿಡಿದ ಕೈ ನನ್ನದಲ್ಲವೆಂಬಂತೆ.

ಪ್ರಯೋಂಗ್ ನೋಡುತ್ತಿದ್ದಳು.
"ಮರವಾಗಿದ್ದರೆ ಗಾಯ ಮಾಡಿರುತ್ತಿದ್ದೆ.
ಸಿಪ್ಪೆ ದಾಟಬೇಕು, ಕಟ್ಟಿಗೆ ಮುಟ್ಟಬಾರದು.
ನಡುವೆ ಅಕ್ಕಿಕಾಳಿನಷ್ಟು ಜಾಗ,
ಹಾಲಿರುವುದೆಲ್ಲ ಅಲ್ಲೇ.
ಕೈ ಮಲಗಿಸು. ಇನ್ನೂ.
ನಿನ್ನ ಅವಸರ ಕತ್ತಿಗೆ ಗೊತ್ತಾಗಬಾರದು."

ತೊಗಲಿಗೂ ತೊಗಟೆಗೂ ಒಂದೇ ಅಕ್ಷರದ ದೂರ.
ಅವಳ ತೋಳಿನ ಮೇಲೆ ಸೂಜಿ ಮಲಗಿಸಿದೆ,
ತುದಿಯ ಸೀಳು ಆಕಾಶ ನೋಡುವಂತೆ.
ಎದ್ದಿತು
ಬೆಳ್ಳಗೆ, ಕಿತ್ತಳೆ ಸಿಪ್ಪೆಯ ಚುಕ್ಕಿಗಳ ಸಮೇತ
ಕಡಲೆಕಾಳಿನಷ್ಟು ಗುಡ್ಡ.
"ಈಗ ಸರಿ," ಅಂದಳು,
ನನ್ನ ಕೆಲಸಕ್ಕೆ ಅವಳೇ ಸಹಿ ಹಾಕಿದಂತೆ.

ವಾರವೆಲ್ಲ ತುರಿಕೆ. ಜ್ವರವಿಲ್ಲ.
ಒಂದು ಮರವನ್ನೂ ತಪ್ಪಿಸಲಿಲ್ಲವಂತೆ.
ನಾಲ್ಕನೇ ವಾರ ರಕ್ತದ ಅಂಕಿ
ಪೂರ್ತಿ ಡೋಸಿನವರ ಭುಜಕ್ಕೆ ಭುಜ.
ಮೂರನೇ ತಿಂಗಳು ಇಳಿದಿತ್ತು, ಎರಡೂ ಗುಂಪಿನದು.
ಹೇಳಲು ಮುಜುಗರ. ಹೇಳಿದೆ.

"ಬಟ್ಟಲು ಖಾಲಿಯಾದರೆ ಮರ ಬತ್ತಿತು ಅಂತಲೇ?"
ಇನ್ನೊಂದು ಟ್ಯೂಬು ರಕ್ತಕ್ಕೆ ತೋಳು ಚಾಚಿದಳು.
ಗುಳ್ಳೆಯಿದ್ದಲ್ಲಿ ಕಂದು ಕಲೆ, ಹುಣಸೆಬೀಜದ ಬಣ್ಣ.

ಆ ಮೊದಲ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ.
ನನ್ನ ಕಡತದಲ್ಲಿ ಅದಕ್ಕೆ ಕಾಲಂ ಇಲ್ಲ.
ಸೋಂಪೋಪ್ ಬರಲೇ ಇಲ್ಲ;
ಅವನ ಸಾಲಿನಲ್ಲಿ ಪೆನ್ನು ಸ್ವಲ್ಪ ಹೊತ್ತು ನಿಂತಿತು.