ಒತ್ತು

ಅರಸೀಕೆರೆ ತಾಲ್ಲೂಕು ಕಚೇರಿ ಎದುರು
ಜೆರಾಕ್ಸ್ ಅಂಗಡಿಯ ಜಗಲಿಯಲ್ಲಿ ನನ್ನ ಮೇಜು.
ಹಾಸನದಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪು, ಹತ್ತಿಂಚು,
ಮಡಚಿದರೆ ಹಾಜರಿ ಪುಸ್ತಕದಷ್ಟೇ.

ಮೂರು ವಾರದಿಂದ ಅದರ ಕೀಬೋರ್ಡು
ಅಲುಗುವ ಹಲ್ಲು.
ಎಡಗೈ ತೋರುಬೆರಳು ಕೂರುವ ಕಡೆ,
ಎಳ್ಳಿನಷ್ಟು ಗೆರೆ ಎದ್ದಿರುವ ಎಫ್ ಹತ್ತಿರ, ಉಬ್ಬಿತ್ತು.
ಒತ್ತಿದರೆ ಒಮ್ಮೆ ಕೇಳುತ್ತದೆ, ಹತ್ತು ಸಲ ಇಲ್ಲ.

ಇಂಗ್ಲಿಷಿಗೆ ಅದೊಂದು ಅಕ್ಷರ.
ಕನ್ನಡ ಹೊಡೆಯುವ ನನಗೆ ಅಲ್ಲ.
ನನಗದು ಎರಡು ಅಕ್ಷರಗಳ ನಡುವಿನ ಕಣ್ಸನ್ನೆ:
ನೀನು ನಿಂತಿರು, ನೀನು ಕೆಳಗೆ ಬಾ,
ಅವಳ ಕಾಲ ಬಳಿ ಕೂತುಕೋ.
ಸನ್ನೆ ತಪ್ಪಿದರೆ
ಎಲ್ಲರೂ ಸಾಲಾಗಿ ನಿಂತೇಬಿಡುತ್ತಾರೆ,
ಯಾರಿಗೆ ಯಾರೂ ಏನೂ ಆಗದವರ ಹಾಗೆ.

ಕಣಕಟ್ಟೆಯ ದ್ಯಾವಮ್ಮ ಬಂದಿದ್ದಳು,
ರೇಷನ್ ಕಾರ್ಡಿನಲ್ಲಿ ಹೆಸರು ತಪ್ಪಾಗಿದೆ, ತಿದ್ದಿಸಬೇಕು ಅಂತ.
ಹೊಡೆದುಕೊಟ್ಟೆ.
ಕನ್ನಡಕ ಮನೆಯಲ್ಲಿತ್ತು, ಓದಿ ನೋಡಲಿಲ್ಲ.
ಒಳಗೆ ಗುಮಾಸ್ತ ಓದಿದನಂತೆ, ನಾಲ್ಕು ಮೇಜಿಗೆ ಕೇಳುವಷ್ಟು ಜೋರಾಗಿ:
'ಕಣಕಟಟೆ ಗರಾಮದ ದಯಾವಮಮ, ಹೆಸರು ತಿದದುಪಡಿ ಕೋರಿ.'

ಮಾರನೆಯ ದಿನ ಮತ್ತೆ ಬಂದಳು.
'ಏನವ್ವಾ, ನನ್ ಹೆಸ್ರಿನ್ ಕಾಲೆಲ್ಲಾ ಕಿತ್ತಿದ್ದೀಯ,
ಅದು ಹೆಂಗ್ ನಡೀತದೆ ಆಪೀಸೊಳಕ್ಕೆ?'
ನಗುತ್ತಲೇ ಕೇಳಿದಳು.
'ಬಸ್ಸೇನೋ ಫ್ರೀ ಕಣವ್ವಾ, ದಿನ ಫ್ರೀ ಅಲ್ವಲ್ಲ.'

ರಾತ್ರಿ ಊಟದ ಮೇಲೆ ಚಾಪೆ ಹಾಸಿದೆ.
ಬ್ಯಾಟರಿ ತೆಗೆದು ಬೋರಲು ಮಲಗಿಸಿದೆ.
ನಾಜಿಯಾ ಟಾರ್ಚು ಹಿಡಿದಳು, ಇಡ್ಲಿ ತಟ್ಟೆಯನ್ನೂ ಅವಳೇ ತಂದಳು:
'ಒಂದೊಂದು ಥರದ ಸ್ಕ್ರೂ ಒಂದೊಂದು ಗುಳಿಯಲ್ಲಿ, ಅಮ್ಮೀ, ಬೆರೆಸಬೇಡ.'
ಉದ್ದದವು ಐದು, ಗಿಡ್ಡವು ಮೂರು,
ರಬ್ಬರಿನ ಪಾದದಡಿ ಅಡಗಿದ್ದದ್ದು ಒಂದು.
ಹೊಲಿಗೆ ಮೆಷಿನ್ನಿನ ಸ್ಕ್ರೂಡ್ರೈವರು ದಪ್ಪವಾಯಿತು,
ವಾಚ್ ರಿಪೇರಿಯ ರವೂಫನ ಮನೆಯಿಂದ ಸಣ್ಣದು ತರಿಸಿದೆ.
ಅವಧಿ ಮುಗಿದ ಎಟಿಎಂ ಕಾರ್ಡನ್ನು ಸಂದಿಗೆ ತೂರಿಸಿ
ಕೊಂಡಿ ಬಿಡಿಸುತ್ತ ಹೋದೆ. ಟಕ್ ಅಂದಾಗಲೆಲ್ಲ
ಮುರಿದದ್ದು ನಾಳೆಯ ದುಡಿಮೆಯೇ ಅನ್ನಿಸುತ್ತಿತ್ತು.

ಅಂಚಿನಿಂದ ಎದ್ದಿತು ಕೀಬೋರ್ಡು,
ಕಾವಲಿಯಿಂದ ದೋಸೆ ಏಳುವ ಹಾಗೆ.
ಪೂರ್ತಿ ಎಳೆಯಬಾರದು. ಅಡಿಯಲ್ಲಿ ಒಂದು ಪಟ್ಟಿ,
ಈರುಳ್ಳಿ ಸಿಪ್ಪೆಯಷ್ಟು ತೆಳು, ಒಂದೇ ಕಡೆ ಕಚ್ಚಿಕೊಂಡಿದೆ.
ನಾನು ಹೊಡೆದ ಜಾತಿ, ಆದಾಯ, ಪಹಣಿ, ವಂಶವೃಕ್ಷ
ಎಲ್ಲವೂ ಇದರೊಳಗೇ ಹಾದುಹೋಗಿವೆ.
'ಇಷ್ಟೇನಾ?' ಅಂದಳು ನಾಜಿಯಾ.

ಕೊಬ್ಬರಿ ಮಂಡಿ ಕಡೆಯಿಂದ ಬಂದ ನಾರಿನ ಧೂಳು.
ಒಂದು ಮಂಡಕ್ಕಿ. ಸತ್ತ ಇರುವೆ ಎರಡು.
ನನ್ನದೇ ನರೆಗೂದಲು, ಇಷ್ಟುದ್ದ.
ಅದಕ್ಕೆ ಸುತ್ತಿಕೊಂಡು ಹಿತ್ತಾಳೆಯ ಪುಟ್ಟ ನಟ್ಟು,
ಕೀಬೋರ್ಡಿನ ಬೆನ್ನಿಗೆ, ಸರಿಯಾಗಿ ಎಫ್ ಅಡಿಗೆ
ಅಂಟಿಕೊಂಡಿರಬೇಕಾದದ್ದು.
ಸ್ಕ್ರೂ ಇತ್ತು, ತಿರುಗುತ್ತಲೂ ಇತ್ತು.
ಕಚ್ಚಲಿಕ್ಕೆ ಏನೂ ಇರಲಿಲ್ಲ.

ಬೆಂಕಿಕಡ್ಡಿ ತುದಿಯಲ್ಲಿ ಫೆವಿಕ್ವಿಕ್ ಅರ್ಧ ಹನಿ.
'ಒತ್ತು' ಅಂದೆ. ಒತ್ತಿದಳು,
ನೂರರವರೆಗೆ ಉರ್ದುವಿನಲ್ಲಿ ಎಣಿಸಲು ಹೊರಟು
ಅರವತ್ತರ ಮೇಲೆ ಕನ್ನಡಕ್ಕೆ ಬಂದಳು.

ಎಲ್ಲ ಮುಚ್ಚಿ, ಆನ್ ಮಾಡಿ, ಹೊಡೆದೆ.
ದ. ಎಫ್. ಯ.
ಯ ಮೈ ಮುದುರಿ ದ ಪಕ್ಕ ತಗ್ಗಿ ಕೂತಿತು.
ಮ. ಎಫ್. ಮ.
ದ್ಯಾವಮ್ಮ.

'ಅಮ್ಮೀ, ಮೊದಲು ಅದರಲ್ಲಿ ದಯಾ ಇತ್ತು.
ಈಗ ಹೋಯ್ತು.'

ಹೋಗಲಿ.
ಮೂರು ವಾರ, ದಿನಕ್ಕೆ ಹತ್ತು ಹನ್ನೆರಡು ಅರ್ಜಿ.
ದ್ಯಾವಮ್ಮ ತಿರುಗಿ ಬಂದಳು.
ಜಾವಗಲ್‌ನ ಶಬಾನಾ ಪಾರಾದಳು, ಅವಳ ಹೆಸರಲ್ಲಿ ಒತ್ತೇ ಇಲ್ಲ.
ಬಾಣಾವರದ ರಾಜಪಪ,
ಗಂಡಸಿಯ ಚನನಯಯ
ಯಾವ ಕಡತದೊಳಗೆ ಕಾಲಿಲ್ಲದೆ ಕೂತಿದ್ದಾರೋ.

ಕನ್ನಡಕವನ್ನು ಬ್ಯಾಗಿಗೆ ಹಾಕಿದೆ.
ಇಡ್ಲಿ ತಟ್ಟೆ ತೊಳೆದಿಟ್ಟೆ,
ಬೆಳಿಗ್ಗೆ ಅದು ಬೇಕು.